ಟ್ರ್ಯಾಕ್ಟರ್ ವಿಂಚ್‌ನಲ್ಲಿ ದಿಮ್ಮಿ ಎಳೆಯುವುದು ಹೇಗೆ? ಮಾಡಿದವರು ಹೇಳಿ

ಮಾಲೂರು ಕಡೆಯಿಂದ ಪ್ರಶ್ನೆ:

ನಮಸ್ಕಾರ. ಅಪ್ಪನ ಕಾಲದ ನೀಲಗಿರಿ ತೋಪು ತೆಗೆಸುತ್ತಿದ್ದೇವೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ಹಾಕುವುದನ್ನು ನಿಷೇಧಿಸಿದ ಮೇಲೆ ಮತ್ತೆ ಅದನ್ನೇ ಬೆಳೆಸುವ ಮಾತಿಲ್ಲ, ಜಾಗ ರಾಗಿಗೆ ಬೇಕು. ಕೆಲವು ಮರ ಒಳ್ಳೇ ದಪ್ಪ ಇವೆ. ತೋಪು ಇಳಿಜಾರಿನಲ್ಲಿದೆ, ಲಾರಿ ಮೇಲಿನ ಬದುವಿನ ಆಚೆಯೇ ನಿಲ್ಲಬೇಕು. ನಮ್ಮದು 45 ಎಚ್‌ಪಿ ಟ್ರ್ಯಾಕ್ಟರ್. ಗಾಡಿಯ ಬೆನ್ನಿಗಿರುವ ಲಿಂಕೇಜ್‌ಗೆ (ನೇಗಿಲು ಸಿಕ್ಕಿಸುವ ತೋಳುಗಳು) ಕೂರಿಸುವ ಪಿಟಿಒ ವಿಂಚ್ ಒಂದನ್ನು ಚಿಕ್ಕಪ್ಪನ ಮಗ ತಂದಿದ್ದಾನೆ. ಪಿಟಿಒ ಅಂದರೆ ಎಂಜಿನ್ ತಿರುಗಿಸುವ ಹಿಂದಿನ ಶಾಫ್ಟ್, ಅದರ ಬಲದಲ್ಲಿ ವಿಂಚ್ ಕೇಬಲನ್ನು ಡ್ರಮ್‌ಗೆ ಸುತ್ತಿಕೊಂಡು ದಿಮ್ಮಿ ಎಳೆಯುತ್ತದೆ. ಕೇಬಲ್ 50 ಮೀಟರ್ ಇದೆ. ಯಾರಿಗೂ ಪೆಟ್ಟಾಗದ ಹಾಗೆ ಕೆಲಸ ಮುಗಿಸಬೇಕು. ಅನುಭವ ಇರುವ ಅಣ್ಣಂದಿರು ದಯವಿಟ್ಟು ಹೇಳಿ.

ಶ್ರೀನಿವಾಸಪುರದಿಂದ:

ತಮ್ಮಾ, ವಿಂಚ್ ಇದ್ದರೆ ದಿಮ್ಮಿ ಟ್ರ್ಯಾಕ್ಟರ್ ಹತ್ತಿರ ಬರಬೇಕು. ಟ್ರ್ಯಾಕ್ಟರ್ ದಿಮ್ಮಿ ಹತ್ತಿರ ಹೋಗಬಾರದು. ಹಾಗಾಗಿ ಮೊದಲ ಕೆಲಸ ಟ್ರ್ಯಾಕ್ಟರ್ ಎಲ್ಲಿ ನಿಲ್ಲಬೇಕು ಅಂತ ನೋಡುವುದು. ನಿನಗೆ ಲಾರಿ ಮೇಲುಗಡೆ ಇರುವುದು ಒಳ್ಳೆಯದೇ ಆಯಿತು. ಮೇಲೆ ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಕೆಳಗಿನಿಂದ ಎಳೆದರೆ ದಿಮ್ಮಿ ಉರುಳಿಕೊಂಡು ಟ್ರ್ಯಾಕ್ಟರ್ ಮೇಲೆ ಬರುವ ಭಯ ಇಲ್ಲ. ಆದರೆ ದಿಮ್ಮಿಯನ್ನು ಕೇಬಲ್‌ಗೆ ಕಟ್ಟಿದ ಚೈನು ಜಾರಿದರೆ ದಿಮ್ಮಿ ಹಿಂದಕ್ಕೆ ಕೆಳಗೆ ಹೋಗುತ್ತದೆ. ಆದ್ದರಿಂದ ಎಳೆಯುವಾಗ ದಿಮ್ಮಿಯ ಕೆಳಗಡೆ ಒಬ್ಬರೂ ಇರಬಾರದು, ಸೊಪ್ಪು ಸವರುವವರೂ ಸಹ.

ನಿಲ್ಲಿಸಿದ ಮೇಲೆ ವಿಂಚ್‌ನ ತಳದಲ್ಲಿರುವ ಕಬ್ಬಿಣದ ತಟ್ಟೆಯನ್ನು ಪೂರ್ತಿ ಇಳಿಸು, ನೆಲಕ್ಕೆ ಕಚ್ಚಿಕೊಳ್ಳಬೇಕು. 45 ಎಚ್‌ಪಿ ಗಾಡಿಯ ತೂಕ ಸುಮಾರು ಎರಡು ಟನ್. ವಿಂಚ್‌ಗಳು ಮೂರು, ನಾಲ್ಕು ಟನ್ ಎಳೆಯುವಂಥವು. ತಟ್ಟೆ ಊರದಿದ್ದರೆ ದಿಮ್ಮಿ ಅಲ್ಲೇ ಇರುತ್ತದೆ, ಟ್ರ್ಯಾಕ್ಟರೇ ಹಿಂದಕ್ಕೆ ಹೋಗುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲೂ ಕೊಡು.

ಇನ್ನು ಎಳೆತದ ಎತ್ತರ. ಇದನ್ನು ಎರಡು ಸಲ ಓದು. ಎಳೆತ ಯಾವಾಗಲೂ ಗಾಡಿಯ ತಗ್ಗಿನ ಭಾಗದಿಂದಲೇ ಇರಬೇಕು. ನಮ್ಮ ಕಡೆ ವಿಂಚ್ ಇಲ್ಲದವರು ಟಾಪ್ ಲಿಂಕ್ (ಲಿಂಕೇಜ್‌ನ ಮೇಲಿನ ತೋಳು) ಸಿಕ್ಕಿಸುವ ಎತ್ತರದ ಜಾಗಕ್ಕೇ ಚೈನು ಹಾಕಿ, ಗೇರ್ ಹಾಕಿ ಗಾಡಿಯನ್ನೇ ಓಡಿಸುತ್ತಾರೆ. ದಿಮ್ಮಿ ಒಂದು ಬೊಡ್ಡೆಗೆ ಸಿಕ್ಕಿಕೊಂಡಿತು ಅಂದುಕೋ, ಹಿಂದಿನ ಚಕ್ರ ತಿರುಗಲು ಆಗದೆ ಗಾಡಿಯ ಮೂತಿ ಮೇಲಕ್ಕೆ ಏಳುತ್ತದೆ. ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡು ಕೂಡ ಬೇಡ, ಕ್ಲಚ್ ತುಳಿಯುವ ಹೊತ್ತೂ ಸಿಗುವುದಿಲ್ಲ. ಹಳೇ ಗಾಡಿಗಳಲ್ಲಿ ಕಾಪಾಡಲು ರೋಲ್ ಬಾರ್ ಸಹ ಇರುವುದಿಲ್ಲ. ನಮ್ಮ ಪಕ್ಕದ ಊರಿನಲ್ಲಿ ಹಳೇ ಮಾವಿನ ಮರ ಎಳೆಯುವಾಗ ಹೀಗೇ ಆಗಿ ಒಬ್ಬರು ತೀರಿಕೊಂಡರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದಿಮ್ಮಿ ಟ್ರ್ಯಾಕ್ಟರ್‌ನ ಬೆನ್ನಿಗೆ ನೇರ ಇರಲಿ. ಓರೆಯಾಗಿ ಎಳೆದರೆ ಗಾಡಿ ಪಕ್ಕಕ್ಕೆ ಮಗುಚಬಹುದು. ನೇರ ಇಲ್ಲ ಅನ್ನಿಸಿದರೆ ಗಾಡಿ ತಿರುಗಿಸಿ ನಿಲ್ಲಿಸು, ಐದು ನಿಮಿಷ ಹೋದರೆ ಹೋಗಲಿ.

ತೂಕದ ಲೆಕ್ಕವೂ ಬೇಕು. ಹಸಿ ನೀಲಗಿರಿ ಹೆಚ್ಚು ಕಡಿಮೆ ನೀರಿನಷ್ಟೇ ಭಾರ. ಒಂದು ಅಡಿ ದಪ್ಪ, ಹತ್ತು ಅಡಿ ಉದ್ದದ ತುಂಡು ಸುಮಾರು 220 ಕಿಲೋ. ಅದೇ ಉದ್ದ, ಎರಡು ಅಡಿ ದಪ್ಪ ಆದರೆ ನಾಲ್ಕು ಪಟ್ಟು, ಅಂದರೆ 900 ಕಿಲೋ ಹತ್ತಿರ. ಕಣ್ಣಿಗೆ ಅಷ್ಟು ಕಾಣುವುದಿಲ್ಲ ಅಲ್ವಾ? ದಪ್ಪದ್ದನ್ನು ಒಂದೊಂದೇ ತೆಗೆ.

ಚೈನು ತುದಿಯಿಂದ ಒಂದೂವರೆ ಅಡಿ ಒಳಗೆ ಹಾಕು. ಗಂಟು, ಗೆಣ್ಣು ಎಲ್ಲ ಸವರಿ, ಮೂತಿಯನ್ನು ಕೊಡಲಿಯಲ್ಲಿ ಸ್ವಲ್ಪ ಕೆತ್ತಿದರೆ ಮಣ್ಣಿಗೆ ಚುಚ್ಚಿಕೊಳ್ಳುವುದಿಲ್ಲ. ದಾರಿಯಲ್ಲಿರುವ ಬೊಡ್ಡೆಗಳನ್ನು ನೆಲಮಟ್ಟಕ್ಕೆ ಕುಯ್ಸಿಬಿಡು. ಆದರೂ ಸಿಕ್ಕಿಕೊಂಡರೆ ಜೋರು ಮಾಡಬೇಡ. ನಿಲ್ಲಿಸಿ, ಕೇಬಲ್ ಸಡಿಲ ಬಿಟ್ಟು, ಹಾರೆಯಲ್ಲಿ ಹೊರಳಿಸಿ, ಚೈನು ಬೇರೆ ಕಡೆ ಹಾಕಿ ಮತ್ತೆ ಎಳೆ. ಹೊರಳಿಸುವಾಗ ಮೇಲುಗಡೆ ನಿಂತೇ ಹೊರಳಿಸಬೇಕು.

ಕೊರಟಗೆರೆಯಿಂದ:

ಅಣ್ಣ ಗಾಡಿ ವಿಷಯ ಹೇಳಿದ್ದಾರೆ. ನಾನು ಕೇಬಲ್ ವಿಷಯ ಹೇಳುತ್ತೇನೆ. ನಾವು ತೋಟದಲ್ಲಿ ಸಿಲ್ವರ್ ಓಕ್ ತೆಗೆಯುವಾಗ ಇದೇ ಥರದ ವಿಂಚ್ ಬಳಸುತ್ತೇವೆ.

ಸೆಕೆಂಡ್ ಹ್ಯಾಂಡ್ ವಿಂಚ್ ಆದರೆ ಕೇಬಲನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹಾಸಿ ನೋಡಿ. ಎಳೆ ಕಿತ್ತಿದ್ದರೆ, ಚಪ್ಪಟೆ ಆಗಿದ್ದರೆ, ಒಂದು ಕಡೆ ಉಬ್ಬಿ ಪಂಜರದ ಹಾಗೆ ಬಿಚ್ಚಿಕೊಂಡಿದ್ದರೆ ಹೊಸದು ಹಾಕಿಸಿ. ಗಂಟು ಹಾಕಿ ಸೇರಿಸುವುದು ಬೇಡವೇ ಬೇಡ. ತುದಿಯಲ್ಲಿ ಯು ಕ್ಲಾಂಪ್ ಇದ್ದರೆ ಅದರ ದಿಕ್ಕು ನೋಡಿ. ಹಲ್ಲಿರುವ ತಳ ಭಾರ ಹೊರುವ ಉದ್ದ ಕೇಬಲ್ ಮೇಲೆ ಕೂರಬೇಕು, ಬಾಗಿದ ಸರಳು ಮಡಿಚಿದ ತುಂಡಿನ ಕಡೆ ಬರಬೇಕು. ತುಂಬಾ ಜನ ಉಲ್ಟಾ ಹಾಕಿರುತ್ತಾರೆ. ಪೂರ್ತಿ ಉದ್ದ ಬಿಟ್ಟಾಗಲೂ ಡ್ರಮ್ ಮೇಲೆ ಮೂರ್ನಾಲ್ಕು ಸುತ್ತು ಉಳಿಯಲೇಬೇಕು. ಅಂದರೆ ನಿಮ್ಮ 50 ಮೀಟರ್ ಪೂರ್ತಿ ಕೆಲಸಕ್ಕೆ ಬರುವುದಿಲ್ಲ.

ಕೇಬಲ್ ಕಿತ್ತರೆ ಚಾಟಿ ಬೀಸಿದ ಹಾಗೆ ಬರುತ್ತದೆ. ಎಳೆಯುವಾಗ ಯಾರೂ ಅದರ ಪಕ್ಕ ನಿಲ್ಲಬಾರದು, ದಾಟಬಾರದು. ವಿಂಚ್ ನಡೆಸುವವರು ವಿಂಚ್‌ನ ಕಬ್ಬಿಣದ ಜಾಲರಿಯ ಹಿಂದೆ, ಅಥವಾ ವಿಂಚ್ ನಡೆಸುವ ಉದ್ದ ಹಗ್ಗ ಹಿಡಿದು ಪಕ್ಕಕ್ಕೆ ದೂರದಲ್ಲಿ ಇರಬೇಕು. ಸುತ್ತಿಕೊಳ್ಳುತ್ತಿರುವ ಕೇಬಲನ್ನು ಕೈಯಿಂದ ಸರಿ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಚರ್ಮದ ಗ್ಲೌಸ್ ಚೈನು ಸಿಕ್ಕಿಸಲು ಮಾತ್ರ, ಓಡುವ ಕೇಬಲ್ ಹಿಡಿಯಲು ಅಲ್ಲ.

ಕೂಲಿಗೆ ಬರುವವರಿಗೆ ಪಂಚೆ, ಹೆಗಲ ಮೇಲಿನ ಟವೆಲ್ ತೆಗೆದಿಡಲು ಹೇಳಿ. ಪಿಟಿಒ 540 ಆರ್‌ಪಿಎಂ ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕೊಳವೆ ಒಡೆದಿದ್ದರೆ ಅದನ್ನು ಹಾಕಿಸದೆ ಶುರು ಮಾಡಬೇಡಿ.

ಸನ್ನೆ ಮಾಡುವವರು ಒಬ್ಬರೇ ಇರಲಿ. ಆದರೆ 'ನಿಲ್ಲಿಸು' ಅಂತ ಯಾರು ಕೂಗಿದರೂ ನಿಲ್ಲಬೇಕು.

ಗುಡಿಬಂಡೆಯಿಂದ:

ಒಂದೇ ಮಾತು ಸೇರಿಸುತ್ತೇನೆ. ನೇರ ಸಿಗದ ಕಡೆ ಕೇಬಲ್ ತಿರುಗಿಸಲು ಕಪ್ಪಿ (ರಾಟೆ) ಹಾಕುತ್ತಾರಲ್ಲ, ಆಗ ಕಪ್ಪಿ ಕಟ್ಟಿದ ಜಾಗದ ಮೇಲೆ ಹತ್ತಿರ ಹತ್ತಿರ ಎರಡು ಪಟ್ಟು ಎಳೆತ ಬೀಳಬಹುದು. ಬೇಲಿಯ ಕಲ್ಲುಕಂಬಕ್ಕೆ ಕಟ್ಟಬೇಡಿ, ಪಟ್ ಅಂತ ಮುರಿಯುತ್ತದೆ. ಕರೆಂಟ್ ಕಂಬ, ಅದರ ಸ್ಟೇ ವೈರ್ ಕಡೆ ತಿರುಗಿಯೂ ನೋಡಬೇಡಿ. ಗಟ್ಟಿ ಬೇರಿನ ನೀಲಗಿರಿ ಬೊಡ್ಡೆ ಇದ್ದರೆ ಅದಕ್ಕೆ, ಬುಡದ ಹತ್ತಿರವೇ ಕಟ್ಟಿ. ಕೇಬಲ್ ಬಾಗಿದ ಕಡೆ ಒಳಮೂಲೆಯಲ್ಲಿ ಯಾರೂ ನಿಲ್ಲದಿರಲಿ. ಕಪ್ಪಿ ಕಿತ್ತರೆ ಅದು ಹಾರುವುದು ಆ ಕಡೆಗೇ.

ಮಾಲೂರು ಕಡೆಯಿಂದ:

ಎಲ್ಲರಿಗೂ ಧನ್ಯವಾದ. ಇನ್ನೊಂದು ಕೇಳುತ್ತೇನೆ ಅಣ್ಣ. ಮೇಲೆ ಬಂದ ದಿಮ್ಮಿಯನ್ನು ಬದು ದಾಟಿಸಿ ಲಾರಿ ತನಕ ಒಯ್ಯಬೇಕಲ್ಲ, ವಿಂಚ್‌ಗೆ ಕಟ್ಟಿಕೊಂಡೇ ಓಡಿಸಬಹುದಾ?

ಶ್ರೀನಿವಾಸಪುರದಿಂದ:

ಓಡಿಸಬಹುದು. ದಿಮ್ಮಿಯ ಮೂತಿಯನ್ನು ತಟ್ಟೆಗೆ ಒತ್ತಿಕೊಳ್ಳುವ ತನಕ ಎಳೆದು, ಚೈನನ್ನು ತಟ್ಟೆಯ ಕೊಂಡಿಗೆ ಸಿಕ್ಕಿಸಿ, ಪಿಟಿಒ ಆಫ್ ಮಾಡಿ, ಆಮೇಲೆ ತಟ್ಟೆ ಎತ್ತು. ನೆಲ ಬಿಡುವಷ್ಟು ಎತ್ತಿದರೆ ಸಾಕು, ಜಾಸ್ತಿ ಬೇಡ. ಆಗ ಸ್ಟಿಯರಿಂಗ್ ಹಗುರ ಅನ್ನಿಸಿದರೆ ಮುಂದೆ ತೂಕ ಸಾಲದು ಅಂತ ಅರ್ಥ. ಒಂದು ದಿಮ್ಮಿ ಕಮ್ಮಿ ಮಾಡು, ಇಲ್ಲ ಮುಂದುಗಡೆ ವೇಯ್ಟ್ ಹಾಕಿಸು. ಗಾಡಿಯ ಒಟ್ಟು ತೂಕದ ಐದನೇ ಒಂದು ಭಾಗವಾದರೂ ಮುಂದಿನ ಚಕ್ರದ ಮೇಲೆ ಇರಬೇಕು.

ಬದುವನ್ನು ಹಾಗೇ ಹತ್ತಿಸಬೇಡ. ಒಂದು ಕಡೆ ಗುದ್ದಲಿಯಲ್ಲಿ ಕಡಿದು ಅಗಲವಾದ ದಾರಿ ಮಾಡು, ಮಳೆಗೆ ಮುಂಚೆ ಮತ್ತೆ ಕಟ್ಟಿಸಿದರಾಯಿತು. ಅದರಲ್ಲಿ ನೇರವಾಗಿ ದಾಟು, ಓರೆಯಾಗಿ ಬೇಡ. ಫಸ್ಟ್ ಗೇರ್ ಸಾಕು. ತಿರುಗುವಾಗ ದಿಮ್ಮಿಯ ಬಾಲ ಬೀಸಿಕೊಂಡು ಬರುತ್ತದೆ, ಅಲ್ಲಿ ಮಕ್ಕಳು, ದನ, ಡ್ರಿಪ್ ಪೈಪು ಇಲ್ಲ ಅಂತ ನೋಡಿಕೋ. ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸಬೇಡ. ರಾತ್ರಿ ಮಳೆ ಬಂದಿದ್ದರೆ ಆ ಕೆಂಪು ಮಣ್ಣು ಒಣಗುವ ತನಕ ಕೆಲಸ ನಿಲ್ಲಿಸು. ಲಾರಿಯವರು ಅವಸರ ಮಾಡಿದರೆ ಇನ್ನೊಂದು ದಿನ ಬರಲು ಹೇಳು.