ಅಪ್‌ಡೇಟ್: ಅಕ್ಕ ರಾಷ್ಟ್ರಗೀತೆ ಹಾಡಿದಳು

ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆದ ನಮ್ಮ ಅಕ್ಕನನ್ನು ಊರಿನ ಕಬಡ್ಡಿ ಟೂರ್ನಮೆಂಟ್‌ನಲ್ಲಿ ಜನಗಣಮನ ಹಾಡಲು ಕರೆದಿದ್ದಾರೆ, ಮೇಲಿನ ಸ್ವರ ಹತ್ತುತ್ತಿಲ್ಲ, ಏನು ಮಾಡೋದು ಅಂತ ಕೇಳಿದ್ದೆ ಅಲ್ವಾ? ಹಾಡಿದಳು!

ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ ಅಂತ ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್. ಥೈರಾಯ್ಡ್ ಗ್ರಂಥಿಯ ಪಕ್ಕದಲ್ಲೇ ಧ್ವನಿಪೆಟ್ಟಿಗೆಯ ನರಗಳು ಹಾದುಹೋಗುತ್ತವೆ, ಅದರಲ್ಲಿ ಒಂದಕ್ಕೆ ಸ್ವಲ್ಪ ಪೆಟ್ಟಾದರೆ ಮಾತು ಹೆಚ್ಚುಕಮ್ಮಿ ಸರಿಯಿದ್ದರೂ ತಾರಸ್ಥಾಯಿ (ಮೇಲಿನ ಎತ್ತರದ ಸ್ವರಗಳು) ಕೈಕೊಡಬಹುದು ಅಂತ ಅವರು ಬಿಡಿಸಿ ಹೇಳಿದರು. ಗಂಟಲು ಬಿಗಿದು ಕೂಗಬೇಡಿ, ಶ್ರುತಿ ಇಳಿಸಿ ಅಂದರು. ಇಳಿಸಿದೆವು. ನಿಜವಾದ ತಲೆನೋವು ಕೊನೆಯ ಭಾಗ. ಮೊದಲನೇ 'ಜಯ ಹೇ' ನೇರ ಮೇಲಿನ ಷಡ್ಜಕ್ಕೆ, ಅಂದರೆ ಎತ್ತರದ 'ಸ' ಸ್ವರಕ್ಕೆ ಹೋಗುತ್ತದೆ, ಆಮೇಲಿನ ಎರಡು ಮೆಟ್ಟಿಲಿಳಿದ ಹಾಗೆ ಇಳಿಯುತ್ತವೆ. ಅದಕ್ಕೇ ಅದರ ಮುಂಚೆ ಪೂರ್ತಿ ಉಸಿರು ತಗೊಳ್ಳೋದನ್ನೇ ಜಾಸ್ತಿ ಪ್ರಾಕ್ಟೀಸ್ ಮಾಡಿಸಿದೆ.

ಆಯೋಜಕರು ಟ್ರ್ಯಾಕ್ ಹಾಕ್ತೀವಿ ಅಂದರು. ಬೇಡ ಅಂದೆವು, ಅದರ ಶ್ರುತಿ ಎತ್ತರ. ಸುಮ್ನೆ ಮೈಕ್ ಹಿಡಿದು ಹಾಡಿದಳು. ಪೂರ್ತಿ ಹಾಡಿಗೆ ನಿಗದಿಯಾದ ಸಮಯ ಸುಮಾರು 52 ಸೆಕೆಂಡ್, ಅವಳಿಗೆ ಸ್ವಲ್ಪ ಜಾಸ್ತಿಯೇ ಹಿಡಿಯಿತು, ಯಾರೂ ಗಡಿಯಾರ ನೋಡಲಿಲ್ಲ ಬಿಡಿ. ಧ್ವನಿ ಒಂದು ಕಡೆ ಸ್ವಲ್ಪ ಒಡೆಯಿತು, ಅವಳು ನಿಲ್ಲಿಸಲಿಲ್ಲ.

ಫೈನಲ್‌ಗೂ ಕರೆದಿದ್ದಾರೆ. ಮುಂದಿನ ಚೆಕಪ್ ಆಗಲಿ, ಆಮೇಲೆ ಹೇಳ್ತೀನಿ ಅಂದಿದ್ದಾಳೆ.