ಸಸ್ಯೋದ್ಯಾನದ ಸಂಗ್ರಹದಿಂದ ಹೊಸ ಏಪ್ರಿಕಾಟ್ ತಳಿ ರೂಪುಗೊಳ್ಳುವುದು ಹೇಗೆ?

ಪ್ರಶ್ನೆ – ಬ್ರಹ್ಮಾವರದಿಂದ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳ ಹಿಂದೆ ಲಡಾಖಿನಲ್ಲಿ ತಿಂದ ಏಪ್ರಿಕಾಟ್ ಹಣ್ಣಿನ ಗೊರಟುಗಳನ್ನು ತಂದು, ಒದ್ದೆ ಮರಳಿನಲ್ಲಿ ಹುದುಗಿಸಿ ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟು ಮೊಳೆಸಿದ್ದೆ. ಅವುಗಳಲ್ಲಿ ಎರಡು ಗಿಡಗಳು ಹಿತ್ತಲಿನಲ್ಲಿ ಆಳೆತ್ತರಕ್ಕೆ ಬೆಳೆದಿವೆ. ಆದರೆ ಇದುವರೆಗೆ ಒಂದು ಹೂವೂ ಬಿಟ್ಟಿಲ್ಲ. ಮಳೆಗಾಲದಲ್ಲಿ ಕಾಂಡದಿಂದ ಅಂಟು ಒಸರುತ್ತದೆ. 1812ರಲ್ಲಿ ಸ್ಥಾಪನೆಯಾದ ಕ್ರಿಮಿಯಾದ ನಿಕಿತಾ ಸಸ್ಯೋದ್ಯಾನದಲ್ಲಿ ನಾನಾ ಪ್ರದೇಶಗಳ ಏಪ್ರಿಕಾಟ್ ಮರಗಳನ್ನು ಒಂದೆಡೆ ಬೆಳೆಸಿ, ಅವುಗಳಿಂದಲೇ ಹೊಸ ತಳಿಗಳನ್ನು ಪಡೆದಿದ್ದಾರೆಂದು ಈಚೆಗೆ ಓದಿದೆ. ಇಂತಹ ಸಂಗ್ರಹದಿಂದ ಸುಧಾರಿತ ತಳಿ ಬರುವ ದಾರಿ ಯಾವುದು? ಅದೇ ದಾರಿಯಲ್ಲಿ ನಮ್ಮ ಕರಾವಳಿಗೂ ಒಂದು ಏಪ್ರಿಕಾಟ್ ಸಾಧ್ಯವೇ?

ಉತ್ತರ – ಮಂಗಳೂರಿನಿಂದ, ನಿವೃತ್ತ ತೋಟಗಾರಿಕೆ ಅಧ್ಯಾಪಕ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಸಾಧ್ಯವಿಲ್ಲ. ಏಪ್ರಿಕಾಟ್‌ನ ಹೂಮೊಗ್ಗು ಅರಳಬೇಕಾದರೆ ಚಳಿಗಾಲದಲ್ಲಿ ಸುಮಾರು 7 ಡಿಗ್ರಿಗಿಂತ ಕೆಳಗಿನ ಶೀತ ನೂರಾರು ಗಂಟೆಗಳಷ್ಟು ಸಿಗಬೇಕು. ನಮ್ಮಲ್ಲಿ ಜನವರಿಯ ರಾತ್ರಿಯಲ್ಲೂ ಉಷ್ಣಾಂಶ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಲೇಹ್‌ನಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆಯಾದರೆ ಇಲ್ಲಿ 3,500 ಮಿಲಿಮೀಟರ್ ಮೀರುತ್ತದೆ. ಕಾಂಡದಿಂದ ಅಂಟು ಒಸರುವುದು ಆ ಗಿಡಗಳ ಸಂಕಟದ ಗುರುತು.

ಮೊದಲನೆಯ ಪ್ರಶ್ನೆ ಬಹಳ ಸೊಗಸಾದುದು. ನಿಕಿತಾದಲ್ಲಿ ದುಡಿದ ಕ್ಲಾವ್ದಿಯಾ ಕೋಸ್ತಿನಾ ಅವರು ಏಪ್ರಿಕಾಟ್‌ಗಳನ್ನು ಅವು ಬೆಳೆದು ಬಂದ ಪ್ರದೇಶಕ್ಕೆ ಅನುಗುಣವಾಗಿ ಗುಂಪುಗಳಾಗಿ ವಿಂಗಡಿಸಿದರು. ತಳಿವರ್ಧಕನಿಗೆ ಆ ವಿಂಗಡಣೆಯೇ ದಿಕ್ಸೂಚಿಯಾಯಿತು. ಮಧ್ಯ ಏಷ್ಯಾದ ಗುಂಪಿನ ಹಣ್ಣಿನಲ್ಲಿ ಸಕ್ಕರೆ ಹೆಚ್ಚು, ಒಣಗಿಸಲು ಯೋಗ್ಯ. ಆದರೆ ಆ ಮರಗಳಲ್ಲಿ ಹೆಚ್ಚಿನವು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಯುರೋಪಿನ ಗುಂಪಿನ ಬಹುಪಾಲು ಮರಗಳು ಸ್ವಪರಾಗದಿಂದಲೇ ಕಾಯಿ ಕಟ್ಟುತ್ತವೆ, ಆದರೆ ಅವುಗಳಲ್ಲಿ ವೈವಿಧ್ಯ ಕಡಿಮೆ. ಒಂದರಲ್ಲಿ ಇಲ್ಲದ ಗುಣವನ್ನು ಇನ್ನೊಂದರಿಂದ ತರಲು ಎರಡೂ ಮರಗಳು ಜೀವಂತವಾಗಿ, ಯಾವಾಗ ಹೂ ಬಿಟ್ಟವು, ಯಾವ ಹಿಮಕ್ಕೆ ಬಾಡಿದವು ಎಂಬ ವರ್ಷವರ್ಷದ ದಾಖಲೆಯೊಂದಿಗೆ ಕೈಗೆ ಸಿಗುವಂತಿರಬೇಕು. ಸಂಗ್ರಹದ ಬೆಲೆ ಅಲ್ಲಿದೆ.

ಕೆಲಸ ತಾಳ್ಮೆಯದು. ತಾಯಿಮರದ ಮೊಗ್ಗು ಬಿರಿಯುವ ಮುನ್ನವೇ ಅದರ ಕೇಸರಗಳನ್ನು ಕಿತ್ತು, ಆಯ್ದ ತಂದೆಮರದ ಪರಾಗವನ್ನು ಸವರಿ, ಬಂದ ಗೊರಟುಗಳನ್ನು ತಾವು ಮಾಡಿದಂತೆಯೇ ತಂಪಿನಲ್ಲಿಟ್ಟು ಮೊಳೆಸುತ್ತಾರೆ. ಸಸಿ ಫಲ ಕೊಡಲು ಮೂರರಿಂದ ಐದು ವರ್ಷ ಬೇಕು. ಬಹುತೇಕ ಸಸಿಗಳನ್ನು ತಿರಸ್ಕರಿಸಿ, ಉಳಿದ ಕೆಲವನ್ನು ಕಸಿ ಕಟ್ಟಿ ಬೇರೆ ಬೇರೆ ತೋಟಗಳಲ್ಲಿ ಮತ್ತೆ ಪರೀಕ್ಷಿಸುತ್ತಾರೆ. ಯುರೋಪಿನ ತೋಟಗಳನ್ನು ಕಾಡಿದ ಶಾರ್ಕಾ ಎಂಬ ನಂಜುರೋಗಕ್ಕೆ ಪ್ರತಿರೋಧ ದೊರೆತದ್ದು ‘ಸ್ಟಾರ್ಕ್ ಅರ್ಲಿ ಆರೆಂಜ್’ನಂತಹ ಉತ್ತರ ಅಮೆರಿಕದ ತಳಿಗಳಲ್ಲಿ. ಅವುಗಳನ್ನು ಯಾರೂ ಕಾಪಾಡಿಕೊಂಡಿರದಿದ್ದರೆ ತಳಿವರ್ಧಕರು ಬರಿಗೈಯಲ್ಲಿ ನಿಲ್ಲಬೇಕಾಗುತ್ತಿತ್ತು.

ಉತ್ತರ – ಪುತ್ತೂರಿನಿಂದ, ಗೇರು ಕೃಷಿಕ

ಅಧ್ಯಾಪಕರ ಮಾತಿಗೆ ಒಂದನ್ನು ಸೇರಿಸಬೇಕೆನಿಸುತ್ತದೆ. ಸುಧಾರಣೆಯೆಲ್ಲ ಹೀಗೆ ಎರಡು ಮರಗಳನ್ನು ಕೂಡಿಸುವ ಸಂಕರಣದಿಂದಲೇ ಆಗುವುದಿಲ್ಲ. ಇರುವ ಮರಗಳಲ್ಲಿ ಒಳ್ಳೆಯದನ್ನು ಗುರುತಿಸಿ ಕಸಿಯಿಂದ ಹೆಚ್ಚಿಸುವುದೂ ತಳಿವರ್ಧನೆಯೇ. ಲಡಾಖಿನ ‘ರಕ್ತ್ಸೆ ಕಾರ್ಪೊ’ ಎಂಬ ಏಪ್ರಿಕಾಟ್ ತಳಿಯ ಗೊರಟು ಬಿಳಿ, ಒಳಗಿನ ಬೀಜ ಸಿಹಿ, ಇಂತಹ ಗುಣಗಳನ್ನು ಗುರುತಿಸಿ ಉಳಿಸಿಕೊಂಡು ಬಂದವರು ಅಲ್ಲಿನ ಬೆಳೆಗಾರರು. ನಮ್ಮ ಗೇರಿನ ಉಳ್ಳಾಲ-1 ತಳಿ ಕೂಡ ಕೇರಳದ ತಳಿಪರಂಬ ಎಂಬ ಊರಿನ ಮೂಲದ ಮರದಿಂದ ಉಳ್ಳಾಲದ ಸಂಶೋಧನಾ ಕೇಂದ್ರದಲ್ಲಿ ಆಯ್ಕೆಯಾದದ್ದು. ಪುತ್ತೂರಿನ ಗೇರು ಸಂಶೋಧನಾಲಯದಲ್ಲಿ ನಾನಾ ಬಗೆಯ ಗೇರುಮರಗಳನ್ನು ಬೆಳೆಸಿ ಕಾಪಾಡುವ ರಾಷ್ಟ್ರೀಯ ಗೇರು ಜೀನ್ ಬ್ಯಾಂಕ್ ಇದೆ. ಅಲ್ಲಿನ ಸಾಲುಮರಗಳನ್ನು ನೋಡಿದರೆ ತಮ್ಮ ಪ್ರಶ್ನೆಗೆ ಕಣ್ಣೆದುರೇ ಉತ್ತರ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಏಪ್ರಿಕಾಟ್‌ನ ಆಸೆಯನ್ನು ಬಿಡುತ್ತೇನೆ. ಆದರೆ ನಮ್ಮ ಮನೆಯ ಬಳಿ, ಮಿಡಿ ಉಪ್ಪಿನಕಾಯಿಗೆ ಮೂರು ತಲೆಮಾರು ಬಳಸಿದ ಒಂದು ಕಾಟುಮಾವಿನ ಮರವಿದ್ದು, ರಸ್ತೆ ಅಗಲಗೊಳಿಸುವ ಕಾರಣಕ್ಕೆ ಅದನ್ನು ಕಡಿಯಲಿದ್ದಾರೆ. ಅದರ ಗೊರಟು ಊರಿದರೆ ಸಾಕೇ?

ಉತ್ತರ – ಮಂಗಳೂರಿನಿಂದ

ಸಾಲದು. ಅಕ್ಕಪಕ್ಕದ ಮರಗಳ ಪರಾಗ ಬೆರೆತು ಹುಟ್ಟಿದ ಸಸಿ ತಾಯಿಯ ಗುಣವನ್ನೇ ಕೊಡುತ್ತದೆಂಬ ಭರವಸೆಯಿಲ್ಲ, ಕಸಿಯನ್ನೇ ಮಾಡಿಸಿರಿ. ಪೆನ್ಸಿಲ್ ಗಾತ್ರದ, ಮೂರು ನಾಲ್ಕು ತಿಂಗಳು ಬಲಿತ ಚಿಗುರನ್ನು ಆರಿಸಿ, ತೊಟ್ಟು ಉಳಿಯುವಂತೆ ಎಲೆಗಳನ್ನು ಕತ್ತರಿಸಿ ಬಿಡಿ. ಎಂಟು ಹತ್ತು ದಿನಗಳಲ್ಲಿ ತುದಿಮೊಗ್ಗು ಉಬ್ಬುತ್ತದೆ. ಆಗ ಕಡ್ಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ಅದೇ ದಿನ ಕಸಿ ಕಟ್ಟಿಸಬೇಕು. ಮಳೆಗಾಲ ಇದಕ್ಕೆ ಒಳ್ಳೆಯ ಕಾಲ. ಕಡಿಯುವ ದಿನಾಂಕ ಗೊತ್ತಾದ ಕೂಡಲೇ ಇಲ್ಲಿ ತಿಳಿಸಿ, ಕಡ್ಡಿಯನ್ನು ಕಸಿ ಕಟ್ಟಲು ಎರಡು ಬೇರುಸಸಿಗಳನ್ನು ನಾನು ತರುತ್ತೇನೆ. ಮಿಡಿಯ ಸೊನೆಯ ಪರಿಮಳ, ಹೂ ಬಿಡುವ ತಿಂಗಳು, ಗೊಂಚಲಿನಲ್ಲಿ ಎಷ್ಟು ಮಿಡಿ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಈಗಲೇ ಬರೆದಿಟ್ಟುಕೊಳ್ಳಿ.