ವಡೆ ಮುರಿದು ಹಂಚಿದ ಬಜೆಟ್

ಮೂರು ದಿನ ಬಿಡದೆ ಹೊಡೆದ ಮಳೆ ನಾಲ್ಕನೇ ದಿನ ಮಂಡ್ಯದ ಮೇಲೆ ಕರುಣೆ ತೋರಿತ್ತು. ಪುಟ್ಟಕ್ಕನ ಹೋಟೆಲಿನ ಬೆಂಚು ಇನ್ನೂ ಒದ್ದೆ. ಅದರ ಮೇಲೆ ಹಳೇ ಪೇಪರ್ ಹಾಸಿಕೊಂಡು ನಾವು ನಾಲ್ಕು ಜನ ಕುಳಿತಿದ್ದೆವು. ಮೇಷ್ಟ್ರು, ಕಂಟ್ರಾಕ್ಟರ್ ಶಿವಣ್ಣ, ಕಬ್ಬು-ಭತ್ತದ ಕೆಂಪಣ್ಣ, ಮತ್ತೆ ನಾನು. ಸೇರಿದ್ದು ದೇಶದ ಬಡತನ ನಿವಾರಿಸುವುದಕ್ಕಲ್ಲ. ನಮ್ಮ ಬೀದಿ ಗಣಪತಿಯ ಚಂದಾ 62,400 ರೂಪಾಯಿ ಆಗಿತ್ತು. ಅದನ್ನು ಹೇಗೆ ಮುಗಿಸೋದು ಅಂತ ತೀರ್ಮಾನ ಮಾಡಬೇಕಿತ್ತು.

ಶಿವಣ್ಣ ಮನೆಯಲ್ಲೇ ಬಜೆಟ್ ಬರೆದುಕೊಂಡು ಬಂದಿದ್ದ. ಓದಿದ.

"ಆರ್ಕೆಸ್ಟ್ರಾ 25 ಸಾವಿರ. ಶಾಮಿಯಾನ 12. ಲೈಟಿಂಗು 8. ಮೂರ್ತಿ 7. ಪ್ರಸಾದ 6. ಮಿಕ್ಕಿದ್ದು ಇತರೆ."

"ಇತರೆ ಅಂದ್ರೆ?" ಅಂದರು ಮೇಷ್ಟ್ರು.

"ಇತರೆ ಅಂದ್ರೆ ಇತರೆ ಸಾರ್. ಸರ್ಕಾರದ ಬಜೆಟ್‌ನಲ್ಲೂ ಇರುತ್ತೆ. ಅಲ್ಲಿ ಯಾರಾದ್ರೂ ಕೇಳ್ತಾರಾ?"

ಕೆಂಪಣ್ಣ ಟೀ ಲೋಟ ಕುಕ್ಕಿದ. "ಲೇ ಶಿವ, ಲೋಟ ತೊಳೆಯೋ ಜಯಮ್ಮನ ಮನೆ ಗೋಡೆ ಮೊನ್ನೆ ರಾತ್ರಿ ಬಿದ್ದಿದೆ. ನಿಂಗೆ ಆರ್ಕೆಸ್ಟ್ರಾ. ದೇವ್ರು ಮೆಚ್ತಾನೇನ್ಲಾ?"

ಜಯಮ್ಮ ಹಿಂದುಗಡೆ ನಲ್ಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಲೋಟ ಉಜ್ಜುತ್ತಿದ್ದಳು. ತನ್ನ ಹೆಸರು ಕಿವಿಗೆ ಬಿದ್ದರೂ ತಿರುಗಲಿಲ್ಲ.

"ಅದಕ್ಕೆ ಸರ್ಕಾರ ಇದೆಯಲ್ಲಪ್ಪ," ಅಂದ ಶಿವಣ್ಣ. "ಪರಿಹಾರ ಕೊಡುತ್ತೆ."

ಸರ್ಕಾರ ಅನ್ನೋ ಶಬ್ದ ಬಿದ್ದದ್ದೇ ತಡ, ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಪೀರಿಯಡ್ ಶುರು ಅಂತಲೇ ಲೆಕ್ಕ. ನಿವೃತ್ತಿ ಆಗಿ ಒಂಬತ್ತು ವರ್ಷ ಆಯ್ತು, ಬೆಲ್ ಮಾತ್ರ ಇನ್ನೂ ಹೊಡೆದಿಲ್ಲ.

"ಕೊಡುತ್ತೆ, ಕೊಡುತ್ತೆ. ಎಷ್ಟು ಕೊಡುತ್ತೆ ಗೊತ್ತಾ? ಕೇಂದ್ರದವರು 2022ರಲ್ಲಿ ಒಂದು ದರಪಟ್ಟಿ ಮಾಡಿದರು, 2026ರ ಮಾರ್ಚ್‌ವರೆಗೆ ಅಂತ. ಅದರ ಪ್ರಕಾರ ಬಯಲುಸೀಮೆಯಲ್ಲಿ ಮನೆ ಪೂರ್ತಿ ಬಿದ್ದರೆ 1,20,000. ಕಚ್ಚಾ ಮನೆಗೆ ಸ್ವಲ್ಪ ಪೆಟ್ಟಾಗಿದ್ದರೆ 4,000."

"ಮೇಕೆ ಸತ್ರೆ?" ಅಂದ ಕೆಂಪಣ್ಣ.

"ಮೇಕೆಗೂ 4,000."

"ಹಂಗಾದ್ರೆ ಗೋಡೆ, ಮೇಕೆ ಒಂದೇ ರೇಟು! ಗೋಡೆ ಹೋಗಿ ಮೇಕೆ ಮೇಲೆ ಬಿದ್ರೆ ಎಂಟು ಸಾವಿರ."

"ಕೋಳಿಗೆ 100," ಅಂದರು ಮೇಷ್ಟ್ರು, ಪಾಠ ಕೆಡಬಾರದು ಅಂತ. "ಹಾಲು ಕರೆಯೋ ಎಮ್ಮೆಗೆ 37,500."

"ಜಯಮ್ಮನಿಗೆ ಎಮ್ಮೆ ಇಲ್ಲ," ಅಂದೆ ನಾನು. "ಮನೆಯೂ ಬಾಡಿಗೆಯದು. ಗೋಡೆ ದುಡ್ಡು ಬಂದರೆ ಓನರ್‌ಗೆ."

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಕೆಂಪಣ್ಣ ಗೊಳ್ಳೆಂದು ನಕ್ಕ. ನನಗೆ ಸಿಟ್ಟು ಬಂತು. ಅವನು ನಕ್ಕಿದ್ದು ಜಯಮ್ಮನಿಗಲ್ಲ, ತನಗೇ ಅಂತ ಆಮೇಲೆ ತಿಳಿಯಿತು.

ಕೆಂಪಣ್ಣ ಬೆಂಗಳೂರಿನಲ್ಲಿರೋ ಯಾರದೋ 20 ಗುಂಟೆ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡೋ ಲೆಕ್ಕದಲ್ಲಿ, ಮಾಡುತ್ತಾನೆ. ಹಿಂದೊಮ್ಮೆ ಹೊಳೆ ನೀರು ನುಗ್ಗಿ ಪೈರೆಲ್ಲ ಕೊಳೆತುಹೋಗಿತ್ತು. ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಮೇಷ್ಟ್ರು ಪೇಪರಿನ ಅಂಚಿನಲ್ಲೇ ಭಾಗಿಸಿ ತೋರಿಸಿದರು: ಗುಂಟೆಗೆ 172 ರೂಪಾಯಿ. 20 ಗುಂಟೆಗೆ 3,440.

"ಅದೂ ನಂಗೆ ಬರಲಿಲ್ಲ," ಅಂದ ಕೆಂಪಣ್ಣ. "ಪಹಣಿ ಯಾರ ಹೆಸರಲ್ಲಿದೆಯೋ ಅವರಿಗೆ. ಆಫೀಸಲ್ಲಿ ಕೇಳಿದೆ. ಫ್ರೂಟ್ಸ್ ಐಡಿ ಇದೆಯಾ ಅಂದ್ರು. ನಾನು ಹಣ್ಣು ಬೆಳೆದಿಲ್ಲ ಸ್ವಾಮಿ, ಭತ್ತ ಅಂದೆ. ಇಡೀ ಆಫೀಸು ನಕ್ಕಿತು. ಅದು ರೈತರ ನೋಂದಣಿ ನಂಬರಂತೆ. ಮೂರು ತಿಂಗಳಾದ ಮೇಲೆ ಓನರ್ ಫೋನ್ ಮಾಡಿದ್ರು. 'ಕೆಂಪಣ್ಣ, ನನ್ನ ಅಕೌಂಟಿಗೆ ಯಾವುದೋ ಮೂರು ಸಾವಿರ ಚಿಲ್ಲರೆ ಬಂದಿದೆ, ಏನದು?' ಅಂತ."

"ಏನಂದೆ?"

"ಗೊತ್ತಿಲ್ಲ ಬುದ್ಧಿ ಅಂದೆ. ಮುಂದಿನ ವರ್ಷ ಗದ್ದೆ ಬೇಕಲ್ವಾ!"

ಪುಟ್ಟಕ್ಕ ಬಿಸಿ ಮದ್ದೂರು ವಡೆ ತಂದಿಟ್ಟಳು. ಮೇಷ್ಟ್ರು ಒಂದು ವಡೆ ಕೈಗೆ ತಗೊಂಡರು. ತಿನ್ನಲಿಲ್ಲ. ನಮಗೆಲ್ಲ ಭಯ ಆಯ್ತು.

"ನೋಡಿ, ಇದು ರಾಜ್ಯಗಳ ವಿಪತ್ತು ನಿಧಿ. 15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ಎಲ್ಲಾ ರಾಜ್ಯಕ್ಕೂ ಸೇರಿ ಲೆಕ್ಕ ಹಾಕಿದ್ದು 1,60,153 ಕೋಟಿ. ನಮ್ಮಂಥ ರಾಜ್ಯಕ್ಕೆ ನೂರರಲ್ಲಿ 75 ಕೇಂದ್ರದ್ದು, 25 ನಮ್ಮದು."

"ವಡೆ ದುಡ್ಡು ಯಾರಾದ್ರೂ ಒಬ್ರೇ ಕೊಡಿ," ಅಂದಳು ಪುಟ್ಟಕ್ಕ ಒಳಗಿನಿಂದ. "75, 25 ಅಂತ ನನ್ನ ಹತ್ರ ಬರಬೇಡಿ."

ಮೇಷ್ಟ್ರು ವಡೆ ಮುರಿದರು. ದೊಡ್ಡ ಚೂರು ತಕ್ಷಣದ ಪರಿಹಾರಕ್ಕೆ, 40. ಅದಕ್ಕಿಂತ ಚಿಕ್ಕದು ಮತ್ತೆ ಕಟ್ಟೋದಕ್ಕೆ, 30. ಸಿದ್ಧತೆಗೆ ಒಂದು ಪುಡಿ, 10. ಅನಾಹುತ ಆಗೋದಕ್ಕೆ ಮುಂಚೆಯೇ ತಡೆಯೋ ಕೆಲಸಕ್ಕೆ 20. ಮೋರಿ, ಒಡ್ಡು, ಗುಡ್ಡ ಕುಸಿಯೋ ಕಡೆಯಿಂದ ಜನರನ್ನು ಎಬ್ಬಿಸೋದು, ಎಲ್ಲ ಈ ಚೂರಿನಲ್ಲೇ. ಈರುಳ್ಳಿ ಜಾಸ್ತಿ ಇದ್ದದ್ದೂ ಅದೇ ಚೂರು.

"2018ರಲ್ಲಿ ಕೊಡಗಿನಲ್ಲಿ ಬೆಟ್ಟ ಜಾರಿತಲ್ಲ, 2024ರಲ್ಲಿ ವಯನಾಡಿನಲ್ಲಿ ರಾತ್ರೋರಾತ್ರಿ ಊರೇ ಹೋಯ್ತಲ್ಲ, ಅಲ್ಲೆಲ್ಲ ಆಮೇಲೆ ಖರ್ಚು ಮಾಡಿದ್ದಕ್ಕಿಂತ ಮುಂಚೆ ಖರ್ಚು ಮಾಡಿದ್ದಿದ್ದರೆ..." ಅಂತ ಮೇಷ್ಟ್ರು ನಮ್ಮ ಕಡೆ ನೋಡಿದರು. ಮತ್ತೆ ಪೇಪರ್ ಕಡೆ ನೋಡಿದರು. 20ರ ಚೂರು ಇರಲಿಲ್ಲ.

ಶಿವಣ್ಣ ಬಾಯಿ ಒರೆಸಿಕೊಳ್ಳುತ್ತಿದ್ದ.

"ಯಾರೂ ಮುಟ್ಟದೆ ಸುಮ್ನೆ ಬಿದ್ದಿತ್ತಲ್ಲ ಸಾರ್, ಅದಕ್ಕೆ."

"ಎಲ್ಲಾ ಕಡೆ ನಡೆಯೋದು ಇದೇ," ಅಂದ ಕೆಂಪಣ್ಣ. "ಕೆಆರ್‌ಎಸ್‌ನಲ್ಲಿ ಕಾವೇರಿ ಆರತಿಗೆ ಅಂತ 2025ರಲ್ಲಿ 92 ಕೋಟಿ ಎತ್ತಿಟ್ರು. ಆರತಿ ಬೆಳಗಲಿ, ನಾನು ಬೇಡ ಅನ್ನಲ್ಲ. ಆದ್ರೆ ಅದೇ ಅಮ್ಮ ತುಂಬಿ ಬಂದಾಗ ಹೊಳೆದಂಡೆಯವರ ಗತಿ ಏನು?"

"ಆರತಿ ನೋಡೋಕೆ ಜನ ಬರ್ತಾರೆ. ಮೋರಿ ನೋಡೋಕೆ ಯಾರು ಬರ್ತಾರೆ?" ಅಂದ ಶಿವಣ್ಣ. ಬೇಜಾರಿನ ವಿಷಯ ಅಂದರೆ, ಅವನು ಹೇಳಿದ್ದು ನಿಜ. ಮೋರಿ ಉದ್ಘಾಟನೆಗೆ ಹಾರ ಹಾಕಿಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಮಾತು ಬರದ ಕಡೆ ಹೊರಳಿತು. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ರಾಜ್ಯ 18,171 ಕೋಟಿ ಕೇಳಿತು. ಸುಪ್ರೀಂ ಕೋರ್ಟಿಗೆ ಹೋಗಬೇಕಾಯ್ತು. 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಇದಕ್ಕೆ ಯಾರು ಕಾರಣ ಅನ್ನೋದರ ಮೇಲೆ ಕೆಂಪಣ್ಣ, ಶಿವಣ್ಣ ಇಬ್ಬರೂ ಅರ್ಧ ಗಂಟೆ ಕಿತ್ತಾಡಿದರು. ಅದನ್ನು ಬರೆಯೋದಿಲ್ಲ. ಇಬ್ಬರ ಪಕ್ಷವೂ ನಿಮಗೆ ಟಿವಿಯಲ್ಲಿ ಸಿಗುತ್ತೆ.

ಅಷ್ಟರಲ್ಲಿ ಸ್ಟೇಷನ್ ಕಡೆಯಿಂದ ರೈಲಿನ ಕೂಗು ಕೇಳಿತು. ಮೇಷ್ಟ್ರಿಗೆ ಹೊಸ ಜೀವ ಬಂತು.

"ಈ ರೈಲು ದಾರಿ ಹೇಗಾಯ್ತು ಗೊತ್ತೇನ್ರಪ್ಪ? 1876ರಿಂದ 78, ಧಾತು ಈಶ್ವರ ಬರ. ಮೈಸೂರು ಸೀಮೆಯಲ್ಲಿ ಜನ ಲಕ್ಷಗಟ್ಟಲೆ ಸತ್ತರು. ಆಗ ಬರದ ಕೂಲಿ ಕೆಲಸ ಅಂತ ಬೆಂಗಳೂರು-ಮೈಸೂರು ಹಳಿಗೆ ಮಣ್ಣು ಹೊರಿಸಿದರು. 1882ಕ್ಕೆ ರೈಲು ಮೈಸೂರು ಮುಟ್ಟಿತು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1943ರ ಬಂಗಾಳದ ಕ್ಷಾಮದ ಬಗ್ಗೆ ಹೇಳಿದ್ದೂ ಅದೇ. ಊರಲ್ಲಿ ಅಕ್ಕಿ ಇತ್ತು. ಕೊಳ್ಳೋಕೆ ಕೂಲಿಯವನ ಕೈಯಲ್ಲಿ ಕಾಸಿರಲಿಲ್ಲ."

"ಅಂದ್ರೆ ಮೊದಲ ದುಡ್ಡು ಕೂಲಿಗೆ ಹೋಗಬೇಕು ಅಂತೀರಾ?" ಅಂದೆ.

"ಮತ್ತೆ? ಮನೆ ಇದ್ದವನಿಗೆ ಮನೆ ದುಡ್ಡು, ಹೊಲ ಇದ್ದವನಿಗೆ ಹೊಲದ ದುಡ್ಡು. ಕೈ ಮಾತ್ರ ಇದ್ದವನಿಗೆ? ಅವನ ಹೊಲ, ಮನೆ ಎಲ್ಲ ಆ ದಿನದ ಕೆಲಸ. ಮಳೆ ಬಂದರೆ ಅದು ಹೋಯ್ತು. ಅದಕ್ಕೆ ಪಹಣಿ ಎಲ್ಲಿಂದ ತರ್ತಾನೆ?"

"ಈಗ ಕೆಸರು ಎತ್ತೋಕೂ ಜೆಸಿಬಿ," ಅಂದ ಕೆಂಪಣ್ಣ, ಶಿವಣ್ಣನನ್ನೇ ನೋಡುತ್ತಾ.

ಶಿವಣ್ಣನಿಗೆ ಎರಡು ಜೆಸಿಬಿ ಇವೆ. "ಜೆಸಿಬಿ ಬೀಡಿ ಸೇದಲ್ಲ, ಅಡ್ವಾನ್ಸ್ ಕೇಳಲ್ಲ, ತಂಗಿ ಮದುವೆ ಅಂತ ಊರಿಗೆ ಹೋಗಲ್ಲ."

"ಜೆಸಿಬಿ ಪುಟ್ಟಕ್ಕನ ಹತ್ರ ಟೀನೂ ಕುಡಿಯಲ್ಲ," ಅಂದರು ಮೇಷ್ಟ್ರು. "ಇಪ್ಪತ್ತು ಆಳಿಗೆ ಕೂಲಿ ಸಿಕ್ಕಿದರೆ ಸಂಜೆಗೆ ಈ ಬೀದಿಯಲ್ಲೇ ಅಕ್ಕಿ, ಎಣ್ಣೆ, ಟೀ ವ್ಯಾಪಾರ ಆಗುತ್ತೆ. ನಿನ್ನ ಜೆಸಿಬಿ ಕುಡಿಯೋದು ಬರೀ ಡೀಸೆಲ್."

ಪುಟ್ಟಕ್ಕನಿಗೆ ಈ ಅರ್ಥಶಾಸ್ತ್ರ ಬಹಳ ಹಿಡಿಸಿತು. ಮೇಷ್ಟ್ರಿಗೆ ಮಾತ್ರ ಇನ್ನೊಂದು ಟೀ ಬಂತು.

ಹಾಗಾದರೆ ನಮ್ಮ 62,400ರ ಗತಿ? ಕೆಂಪಣ್ಣ ಆರ್ಕೆಸ್ಟ್ರಾ ರದ್ದು ಮಾಡಿ ಜಯಮ್ಮನ ಗೋಡೆ ಕಟ್ಟಿಸೋಣ ಅಂದ. ಬಾಡಿಗೆ ಮನೆಗೆ ನಾವು ಗೋಡೆ ಕಟ್ಟಿದರೆ ಓನರ್ ಬಾಡಿಗೆ ಏರಿಸುತ್ತಾನೆ ಅಂದೆ ನಾನು. ಆರ್ಕೆಸ್ಟ್ರಾಗೆ ಹತ್ತು ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ, ವಾಪಸ್ ಬರಲ್ಲ ಅಂದ ಶಿವಣ್ಣ. ಯಾರನ್ನು ಕೇಳಿ ಕೊಟ್ಟೆ ಅಂದರೆ, "ತುರ್ತು ಖರ್ಚು" ಅಂದ. ಕೊನೆಗೆ ಇದರ ಬಗ್ಗೆ ಒಂದು ಉಪಸಮಿತಿ ಮಾಡೋಣ, ಅದರಲ್ಲೂ ನಾವೇ ನಾಲ್ಕು ಜನ ಇರೋಣ ಅಂತ ಒಪ್ಪಿಗೆ ಆಗುವುದರಲ್ಲಿತ್ತು.

"ಅಲ್ಲ ಕಣ್ರೋ, ಅವಳನ್ನೇ ಒಂದು ಮಾತು ಕೇಳಬಾರದಾ?" ಅಂದಳು ಪುಟ್ಟಕ್ಕ.

ಅದು ನಾಲ್ವರಿಗೂ ಹೊಳೆದಿರಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಕೇಳಿದರು. "ಏನಮ್ಮ ಜಯಮ್ಮ, ನಿನಗೆ ಏನು ಮಾಡಿದರೆ ಅನುಕೂಲ ಆಗುತ್ತೆ ಹೇಳು."

ಜಯಮ್ಮ ಎದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬೆರಳ ತುದಿಯೆಲ್ಲ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿತ್ತು.

"ಗೋಡೆಗೆ ಟಾರ್ಪಲ್ ಕಟ್ಟಿದೀನಿ ಸಾ, ನಡೀತದೆ. ಆರ್ಕೆಸ್ಟ್ರಾ ಮಡಿಕ್ಕಳಿ. ಕುರ್ಚಿ ಹಾಕೋದು, ಎತ್ತೋದು, ಪ್ರಸಾದದ ಪಾತ್ರೆ ತೊಳೆಯೋದು, ಕಸ ಗುಡಿಸೋದು, ಮೂರು ದಿನಾನೂ ನಂಗೇ ಕೊಡಿ. ನಮ್ಮ ವಠಾರದ ಇನ್ನೂ ನಾಲ್ಕು ಹೆಂಗಸರನ್ನ ಕರಕೊಂಡು ಬತ್ತೀನಿ. ಹದಿನೈದು ದಿನದಿಂದ ಯಾರಿಗೂ ಕೆಲಸ ಇಲ್ಲ."

"ಆಗಬಹುದು, ಆಗಬಹುದು!" ಅಂದರು ಮೇಷ್ಟ್ರು, ಧಾತು ಈಶ್ವರ ಬರವೇ ನೀಗಿದ ಹಾಗೆ.

"ಕೂಲಿ ಮಾತ್ರ ಅವತ್ತವತ್ತೇ ಕೊಟ್ಬುಡಿ," ಅಂದಳು ಜಯಮ್ಮ. ನನ್ನ ಕಡೆ ತಿರುಗಿದಳು. "ಹೋದ ವರ್ಷದ ಗಣಪತಿದು ಆರು ನೂರು ಇನ್ನೂ ಬಂದಿಲ್ಲ ಅಣ್ಣ."

ಕೆಂಪಣ್ಣ ನನ್ನ ಮುಖ ನೋಡಿದ. ಶಿವಣ್ಣ ನೋಡಿದ. ಮೇಷ್ಟ್ರು ಮತ್ತೆ ಕನ್ನಡಕ ಒರೆಸಿಕೊಂಡರು. ಹೋದ ವರ್ಷವೂ ಖಜಾಂಚಿ ನಾನೇ. ಆ ಆರು ನೂರು 'ಇತರೆ'ಯಲ್ಲಿ ಇತ್ತು. ಇತರೆ ಎಲ್ಲಿ ಹೋಯ್ತು ಅಂತ ನನಗೂ ಸರಿಯಾಗಿ ನೆನಪಿಲ್ಲ.

"ಮಳೆ ಮತ್ತೆ ಬರೋ ಹಾಗಿದೆ ಅಲ್ವಾ?" ಅಂದೆ.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು.